ಮಾರ್ಜಿನ್ ನೋಡಿ ಲಾಟ್ ಎಣಿಸುವವರಿಗೆ: ಇಂಡೆಕ್ಸ್ ಫ್ಯೂಚರ್ಸ್, ಆಪ್ಷನ್ ಮತ್ತು ರಿಸ್ಕ್ ಡೆಸ್ಕಿನ ಲೆಕ್ಕ

ರಿಸ್ಕ್ ಡೆಸ್ಕಿನಲ್ಲಿ, ಅಂದರೆ ನಷ್ಟದ ಅಪಾಯ ಅಳೆಯುವ ವಿಭಾಗದಲ್ಲಿ, ಪ್ರತಿ ಪೊಸಿಷನ್ನಿಗೂ (ಇನ್ನೂ ತೆರೆದಿರುವ ವಹಿವಾಟಿಗೂ) ಕೇಳುವ ಪ್ರಶ್ನೆ ಒಂದೇ: ಇಂಡೆಕ್ಸ್ ನಾಳೆ ಬೆಳಿಗ್ಗೆ ಶೇ 5 ಕೆಳಗೆ ತೆರೆದರೆ ಎಷ್ಟು ಹೋಗುತ್ತದೆ? ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಮಾಡುವ ಕರಾರು) ಮೇಲೋ ಆಪ್ಷನ್ (ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಮೇಲೋ ಎಂಬ ವಾದ ಅದಾದ ಮೇಲಿನದು. ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ಇಂಡೆಕ್ಸ್ 20,000. ಲಾಟ್ ಎಂದರೆ ವಹಿವಾಟಿನ ಕನಿಷ್ಠ ಘಟಕ; ಅದರ ಗುಣಕ 10, ಅಂದರೆ ಒಂದು ಲಾಟಿನ ಪೂರ್ಣ ಮೌಲ್ಯ 2,00,000. ಖಾತೆಯಲ್ಲಿರುವುದು 5,00,000. ಫ್ಯೂಚರ್ಸ್ ಮಾರ್ಜಿನ್ ಶೇ 10, ಲಾಟಿಗೆ 20,000.

ಮಾರ್ಜಿನ್ ಲೆಕ್ಕದಲ್ಲಿ ಈ ಖಾತೆಗೆ 25 ಲಾಟ್ ಸಿಗುತ್ತವೆ. ಶೇ 5 ಎಂದರೆ 1,000 ಪಾಯಿಂಟ್, ಲಾಟಿಗೆ 10,000. ಹಾಗಾಗಿ 25 ಲಾಟಿಗೆ 2,50,000. ಅರ್ಧ ಖಾತೆ ಒಂದೇ ಬೆಳಿಗ್ಗೆ ಖಾಲಿ. ಮಾರ್ಜಿನ್ ಎನ್ನುವುದು ಕ್ಲಿಯರಿಂಗ್ ಸಂಸ್ಥೆ ತನ್ನ ರಕ್ಷಣೆಗೆ ಇಟ್ಟುಕೊಳ್ಳುವ ಠೇವಣಿ. ನೀವು ಎಷ್ಟು ನಷ್ಟ ತಡೆದುಕೊಳ್ಳಬಲ್ಲಿರಿ ಎಂಬುದು ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಲಾಟ್ ಎಣಿಸಬೇಕಾದ್ದು ಎರಡು ಮಿತಿಗಳಿಂದ. ಮೊದಲನೆಯದು ಸ್ಟಾಪ್‌ಲಾಸ್ ಮಿತಿ: ಒಂದು ಟ್ರೇಡಿನಲ್ಲಿ ಬಂಡವಾಳದ ಶೇ 1, ಅಂದರೆ 5,000. ಸ್ಟಾಪ್ (ನಷ್ಟ ಸಾಕೆಂದು ಹೊರಬರುವ ಬೆಲೆ) 150 ಪಾಯಿಂಟ್ ದೂರ ಇದ್ದರೆ ಲಾಟಿಗೆ 1,500, ಸಿಗುವುದು 3 ಲಾಟ್. ಎರಡನೆಯದು ಗ್ಯಾಪ್ (ಹಿಂದಿನ ಮುಕ್ತಾಯದಿಂದ ಜಿಗಿದು ತೆರೆಯುವುದು) ಮಿತಿ: ಆ 3 ಲಾಟಿಗೆ ಶೇ 5ರ ಗ್ಯಾಪ್ ಬಿದ್ದರೆ 30,000, ಬಂಡವಾಳದ ಶೇ 6. ಇದು ತಡೆದುಕೊಳ್ಳುವಂಥದ್ದೇ? ಅಲ್ಲವಾದರೆ ರಾತ್ರಿಗೆ 2 ಅಥವಾ 1. ಸ್ಟಾಪ್‌ಲಾಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಸ್ಟಾಪ್ ಆರ್ಡರ್ ಬೆಲೆಯನ್ನು ಹಿಡಿದು ನಿಲ್ಲಿಸುವುದಿಲ್ಲ, ಆ ಬೆಲೆ ತಾಕಿದಾಗ ಮಾರುಕಟ್ಟೆಗೆ ಆರ್ಡರ್ ಕಳಿಸುತ್ತದೆ, ಅಷ್ಟೇ. 19,850ರ ಸ್ಟಾಪ್ ಇದ್ದು ಮಾರುಕಟ್ಟೆ 19,000ಕ್ಕೆ ತೆರೆದರೆ ನೀವು ಹೊರಬರುವುದು 19,000ದ ಆಸುಪಾಸಿನಲ್ಲಿ. ಇಂತಿಷ್ಟಕ್ಕಿಂತ ಕೆಳಗೆ ಮಾರಬೇಡ ಎನ್ನುವ ಸ್ಟಾಪ್-ಲಿಮಿಟ್ ಹಾಕಿದ್ದರೆ ಹೊರಬರುವುದೂ ಇಲ್ಲ.

ಫ್ಯೂಚರ್ಸಿನ ಗುಣ ಅದರ ಸರಳತೆ. ಡೆಲ್ಟಾ (ಇಂಡೆಕ್ಸ್ ಒಂದು ಪಾಯಿಂಟ್ ಚಲಿಸಿದರೆ ಬೆಲೆ ಚಲಿಸುವ ಪ್ರಮಾಣ) ಹೆಚ್ಚುಕಮ್ಮಿ 1, ದಿನ ಕಳೆದಂತೆ ಬೆಲೆ ಕರಗುವ ಕಾಟವಿಲ್ಲ, ಕೊಳ್ಳುವ ಮಾರುವ ಬೆಲೆಗಳ ಅಂತರ ಕಿರಿದು. ಸ್ಪಾಟಿಗಿಂತ (ಇಂಡೆಕ್ಸಿನ ಈಗಿನ ಮಟ್ಟಕ್ಕಿಂತ) ಫ್ಯೂಚರ್ಸ್ ಬೆಲೆ ಮೇಲಿದ್ದರೆ ಅದು ಮಾರುಕಟ್ಟೆಯ ಉತ್ಸಾಹವೇ ಆಗಬೇಕಿಲ್ಲ. ಬಹುಪಾಲು ಉಳಿದ ದಿನಗಳ ಬಡ್ಡಿಯಿಂದ ಡಿವಿಡೆಂಡ್ ಕಳೆದ ಮೊತ್ತ, ಎಕ್ಸ್‌ಪೈರಿಯ (ಕರಾರು ತೀರುವ ದಿನದ) ಹೊತ್ತಿಗೆ ಸೊನ್ನೆಯಾಗುತ್ತದೆ. ಅದರ ದೋಷ ನಗದಿನದು. ನಷ್ಟ ಅಂದಂದೇ ಖಾತೆಯಿಂದ ಹೋಗುತ್ತದೆ. ನಿಮ್ಮ ಅಂದಾಜು ಒಂದು ವಾರದ ಮೇಲೆ ನಿಜವಾದರೂ ನಡುವಿನ ಮೂರು ದಿನಗಳ ಮಾರ್ಜಿನ್ ಕರೆಗೆ (ಠೇವಣಿ ತುಂಬಿ ಎಂಬ ಸೂಚನೆಗೆ) ಹಣವಿಲ್ಲದಿದ್ದರೆ ಪೊಸಿಷನ್ ಉಳಿದಿರುವುದಿಲ್ಲ. ಏರಿಳಿತ ಹೆಚ್ಚಾದಾಗ ಮಾರ್ಜಿನ್ ದರವನ್ನೂ ಏರಿಸುತ್ತಾರೆ, ಅದೂ ನಿಮಗೆ ಅತಿ ಅನನುಕೂಲವಾದ ಹೊತ್ತಿನಲ್ಲಿ. ಅದಕ್ಕೇ ಮಾರ್ಜಿನ್ ಬಳಕೆ ಅರ್ಧ ದಾಟದಂತೆ ನೋಡಿಕೊಳ್ಳುವುದು.

ಆಪ್ಷನ್ ಕೊಂಡವರ ಗರಿಷ್ಠ ನಷ್ಟ ಅದಕ್ಕೆ ತೆತ್ತ ಬೆಲೆ, ಅಂದರೆ ಪ್ರೀಮಿಯಂ ಮಾತ್ರ. ಆದರೆ ಆ ಪ್ರೀಮಿಯಂ ದುಬಾರಿಯೋ ಅಗ್ಗವೋ ಎಂದು ಅಳೆಯಲು ಬರಬೇಕು. ಬಡ್ಡಿ ಬಿಟ್ಟು ನೋಡಿದರೆ ಎಟಿಎಂ (ಕರಾರಿನ ಬೆಲೆ ಇಂಡೆಕ್ಸಿನ ಈಗಿನ ಮಟ್ಟದಲ್ಲೇ ಇರುವ) ಆಪ್ಷನ್ ಬೆಲೆಗೆ ಬಾಯಿಲೆಕ್ಕವಿದೆ: 0.4 × ಇಂಡೆಕ್ಸ್ × ಐವಿ × ಉಳಿದ ಕಾಲದ ವರ್ಗಮೂಲ, ಕಾಲ ವರ್ಷಗಳಲ್ಲಿ. ಐವಿ ಎಂದರೆ ಆಪ್ಷನ್ ಬೆಲೆಯೊಳಗೆ ಅಡಗಿರುವ ವಾರ್ಷಿಕ ಏರಿಳಿತದ ನಿರೀಕ್ಷೆ; 16 ಎಂದರೆ ಶೇ 16. ಐವಿ 16, ಉಳಿದದ್ದು 30 ದಿನ ಎಂದರೆ ಸುಮಾರು 366 ಪಾಯಿಂಟ್. ದಿನಕ್ಕೆ ಕರಗುವುದು 6 ಪಾಯಿಂಟ್. 5 ದಿನ ಉಳಿದಾಗ ಅದೇ ಎಟಿಎಂ 150ರ ಸುತ್ತ, ಕರಗುವುದು ದಿನಕ್ಕೆ 15. ಇನ್ನೊಂದು ಉಪಯುಕ್ತ ಅಂಕಿ: ಐವಿಯನ್ನು 16ರಿಂದ ಭಾಗಿಸಿದರೆ ಮಾರುಕಟ್ಟೆ ನಿರೀಕ್ಷಿಸುವ ದಿನದ ಚಲನೆ ಶೇಕಡಾದಲ್ಲಿ ಸಿಗುತ್ತದೆ, ಏಕೆಂದರೆ ವರ್ಷದ 252 ವಹಿವಾಟು ದಿನಗಳ ವರ್ಗಮೂಲ ಹತ್ತಿರಹತ್ತಿರ 16.

ಆ 366ರ ಕಾಲ್ (ಕೊಳ್ಳುವ ಹಕ್ಕಿನ ಆಪ್ಷನ್) ಕೊಂಡ ಮರುದಿನ ಇಂಡೆಕ್ಸ್ 600 ಪಾಯಿಂಟ್ ಬಿತ್ತು, ಐವಿ 22ಕ್ಕೆ ಏರಿತು ಎಂದುಕೊಳ್ಳಿ. ಫ್ಯೂಚರ್ಸ್ ಕೊಂಡವನ ನಷ್ಟ 600. ಕಾಲ್ ಇನ್ನೂ 245ರಲ್ಲಿರುತ್ತದೆ, ನಷ್ಟ ಸುಮಾರು 120. ಡೆಲ್ಟಾ ಅರ್ಧದಿಂದ ಶುರುವಾಗಿ ಬೀಳುತ್ತ ತಗ್ಗಿತು, ಐವಿ ಏರಿ ಒಂದಿಷ್ಟು ತುಂಬಿಕೊಟ್ಟಿತು. ರಾತ್ರಿ ಕಳೆಯಬೇಕಾದ, ರಜೆ ನಡುವೆ ಬರುವ ಪೊಸಿಷನ್ನಿಗೆ ಆಪ್ಷನ್ ಸರಿ ಎನ್ನುವುದು ಇದಕ್ಕೇ. ದಿನದೊಳಗೆ ಮುಗಿಸುವ ಸಣ್ಣ ಚಲನೆಗೆ ಫ್ಯೂಚರ್ಸ್ ಸಾಕು. ಅಲ್ಲಿ ಆಪ್ಷನ್ ಹಿಡಿದರೆ ಅರ್ಧ ಡೆಲ್ಟಾಕ್ಕೆ ಕೊಳ್ಳುವ ಮಾರುವ ಬೆಲೆಗಳ ಪೂರ್ತಿ ಅಂತರ ತೆತ್ತಂತೆ.

ದೊಡ್ಡ ಘೋಷಣೆಯ ಹಿಂದಿನ ದಿನ ಸ್ಟ್ರ್ಯಾಡಲ್ (ಒಂದೇ ಬೆಲೆಯ ಕಾಲ್ ಮತ್ತು ಮಾರುವ ಹಕ್ಕಾದ ಪುಟ್ ಎರಡೂ) ಕೊಳ್ಳುವ ಚಟದಲ್ಲಿ ಮಾತ್ರ ಈ ತರ್ಕ ತಲೆಕೆಳಗಾಗುತ್ತದೆ. 7 ದಿನ ಉಳಿದಿದೆ, ಐವಿ ಆಗಲೇ 24ಕ್ಕೆ ಉಬ್ಬಿದೆ. ಎಟಿಎಂ ಸ್ಟ್ರ್ಯಾಡಲ್ ಸುಮಾರು 530. ಘೋಷಣೆಯಾದ ಮೇಲೆ ಐವಿ 14ಕ್ಕೆ ಇಳಿದರೆ, ಇಂಡೆಕ್ಸ್ ಅಲುಗದಿದ್ದಾಗ ಉಳಿಯುವುದು 290ರ ಆಸುಪಾಸು. 300 ಪಾಯಿಂಟ್ ಚಲಿಸಿದರೂ 380. ಇನ್ನೂ 150 ನಷ್ಟ. ಕೊಟ್ಟದ್ದು ಹಿಂದೆ ಬರಲು 500 ಪಾಯಿಂಟ್ ಬೇಕು. ದಿಕ್ಕು ಯಾವುದಾದರೇನು ಎಂಬುದು ಸರಿ, ದೂರ ಎಷ್ಟು ಎಂಬುದನ್ನು ಮಾರುವವನು ಆಗಲೇ ಬೆಲೆಗೆ ಸೇರಿಸಿಬಿಟ್ಟಿರುತ್ತಾನೆ.

ಇನ್ನು ಮಾರುವವರ ಕಡೆ. ಖಾತೆಗಳು ನೆಲಕಚ್ಚುವುದು ಬಹುತೇಕ ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ. 30 ದಿನದ 19,000 ಪುಟ್ (19,000ಕ್ಕೆ ಮಾರುವ ಹಕ್ಕು), ಐವಿ 16ರಲ್ಲಿ ಸುಮಾರು 60 ಪಾಯಿಂಟ್, ಡೆಲ್ಟಾ 0.13. ಹತ್ತು ಲಾಟ್ ಮಾರಿದವನಿಗೆ ಪರದೆಯ ಮೇಲೆ ಕಾಣುವುದು ಒಂದೂಕಾಲು ಫ್ಯೂಚರ್ಸಿನಷ್ಟು ಅಪಾಯ. ಮರುದಿನ ಇಂಡೆಕ್ಸ್ 19,000ಕ್ಕೆ ತೆರೆದು ಐವಿ 28 ಆದರೆ ಆ ಪುಟ್ ಸುಮಾರು 600, ಹತ್ತು ಪಟ್ಟು. ಡೆಲ್ಟಾ 0.48. ಅಂದರೆ ಒಂದೂಕಾಲು ಲಾಟ್ ಇದ್ದದ್ದು, ಕೈ ಹಾಕುವ ಮೊದಲೇ ಸುಮಾರು ಐದು ಲಾಟ್ ಆಗಿದೆ. ವಾಸ್ತವದಲ್ಲಿ ಕೆಳಗಿನ ಪುಟ್‌ಗಳ ಐವಿ ಎಟಿಎಂಗಿಂತ ಹೆಚ್ಚೇ ಇರುತ್ತದೆ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ ಶೇ 22.6 ಬಿದ್ದ ಮೇಲೆ ಈ ಓರೆ ಇಂಡೆಕ್ಸ್ ಆಪ್ಷನ್‌ಗಳಲ್ಲಿ ಗಟ್ಟಿಯಾಗಿ ಕೂತಿದೆ. ಆ ಹೆಚ್ಚುವರಿ ಪ್ರೀಮಿಯಂ ಬಿಟ್ಟಿ ಹಣವಲ್ಲ, ಹಳೆಯ ಪೆಟ್ಟಿನ ನೆನಪು.

ಹೀಗೆ ಸಿಕ್ಕಿಬಿದ್ದಾಗ ಮಾಡುವ ದೊಡ್ಡ ತಪ್ಪು, ಮಾರಿದ ಆಪ್ಷನ್ನನ್ನು ಉಳಿಸಲು ಮಾರುಕಟ್ಟೆಯ ಎದುರು ಫ್ಯೂಚರ್ಸ್ ಹೇರುವುದು. ಬ್ರಿಟನ್ನಿನ ಬ್ಯಾರಿಂಗ್ಸ್ ಬ್ಯಾಂಕಿನ ಟ್ರೇಡರ್ ನಿಕ್ ಲೀಸನ್ ಜಪಾನಿನ ಸೂಚ್ಯಂಕ ನಿಕ್ಕಿ 225ರ ಸ್ಟ್ರ್ಯಾಡಲ್ ಮಾರಿಟ್ಟಿದ್ದರು. 1995ರ ಜನವರಿ 17ರ ಕೋಬೆ ಭೂಕಂಪದ ನಂತರ ಸೂಚ್ಯಂಕ ಬೀಳತೊಡಗಿದಾಗ ಇನ್ನಷ್ಟು ಫ್ಯೂಚರ್ಸ್ ಕೊಂಡರು. ಫೆಬ್ರವರಿ ಮುಗಿಯುವುದರೊಳಗೆ ಬ್ಯಾರಿಂಗ್ಸ್ ಬ್ಯಾಂಕೇ ಮುಳುಗಿತು; ನಷ್ಟ ಸುಮಾರು 827 ಮಿಲಿಯನ್ ಪೌಂಡ್. ಮಾರಿದ ಪುಟ್ಟಿಗೆ ಹೆಡ್ಜ್ (ನಷ್ಟ ಸರಿದೂಗಿಸುವ ಎದುರು ವಹಿವಾಟು) ಬೇಕೆಂದರೆ ಫ್ಯೂಚರ್ಸ್ ಮಾರಬೇಕು. ಅದೂ ಅಗ್ಗವಲ್ಲ: ಬಿದ್ದಾಗ ಮಾರಿ, ಎದ್ದಾಗ ಕೊಳ್ಳುತ್ತ ಪ್ರತಿ ಸುತ್ತಿನಲ್ಲೂ ಸವೆಯುತ್ತೀರಿ.

ಅದಕ್ಕಿಂತ ಮೊದಲೇ ರೆಕ್ಕೆ, ಅಂದರೆ ಇನ್ನೂ ಕೆಳಗಿನ ಪುಟ್, ಕೊಂಡಿಡುವುದು ವಾಸಿ. 19,000 ಪುಟ್ ಮಾರುವಾಗಲೇ 18,500ರದ್ದನ್ನು 16ಕ್ಕೆ ಕೊಂಡರೆ ಕೈಗೆ ಬರುವುದು 60ರ ಬದಲು 44. ಆದರೆ ಎಕ್ಸ್‌ಪೈರಿಯಲ್ಲಿ ಗರಿಷ್ಠ ನಷ್ಟ 456ಕ್ಕೆ ನಿಂತಿತು, ಲಾಟ್ ಎಣಿಕೆಗೆ ಒಂದು ಖಚಿತ ಸಂಖ್ಯೆ ಸಿಕ್ಕಿತು. ಕ್ರಮ ಮುಖ್ಯ: ಒಳಹೋಗುವಾಗ ಮೊದಲು ಕೊಳ್ಳುವ ಕಾಲು (ಜೋಡಿ ವಹಿವಾಟಿನ ಒಂದು ಭಾಗ), ಹೊರಬರುವಾಗ ಮೊದಲು ಮಾರಿದ ಕಾಲನ್ನು ವಾಪಸ್ ಕೊಳ್ಳುವುದು. ಲಾಭ ಕಂಡಿತೆಂದು ಕೊಂಡ ಪುಟ್ಟನ್ನು ಮೊದಲು ಮಾರಿಬಿಟ್ಟರೆ ಬೇಕಾದ ಮಾರ್ಜಿನ್ ಆ ಕ್ಷಣಕ್ಕೇ ಮೇಲಕ್ಕೆ ಹಾರುತ್ತದೆ, ಅದೂ ಮಾರುಕಟ್ಟೆ ಬೀಳುತ್ತಿರುವಾಗ.

ಎಕ್ಸ್‌ಪೈರಿಯ ಹತ್ತಿರ ಎಟಿಎಂ ಮಾರಿಟ್ಟುಕೊಂಡವರು ಗ್ಯಾಮಾ, ಅಂದರೆ ಡೆಲ್ಟಾ ಬದಲಾಗುವ ವೇಗ, ನೋಡಲಿ. 100 ಪಾಯಿಂಟ್ ಚಲನೆಗೆ ಡೆಲ್ಟಾ ಬದಲಾಗುವುದು 30 ದಿನ ಇದ್ದಾಗ 0.04, 5 ದಿನ ಇದ್ದಾಗ 0.11, ಕೊನೆಯ ದಿನ 0.24. ಥೀಟಾ (ದಿನಕ್ಕೆ ಕರಗುವ ಬೆಲೆ) ಕಣ್ಣಿಗೆ ಹಬ್ಬವಾಗಿ ಕಾಣುವ ದಿನವೇ ಹೆಡ್ಜ್ ಕೈಗೆ ಸಿಗದ ದಿನ.

ಕೆಲವು ಸಣ್ಣ ಸಂಗತಿಗಳು, ಆದರೆ ದುಬಾರಿ. ಆಪ್ಷನ್ನಿನ ಬೆಲೆಯ ಮೇಲೆ ಸ್ಟಾಪ್ ಹಾಕಿದರೆ ಕೊಳ್ಳುವವರಿಲ್ಲದ ಒಂದು ಕ್ಷಣದ ಬೆಲೆಯೇ ಅದನ್ನು ಹಾರಿಸುತ್ತದೆ; ಇಂಡೆಕ್ಸಿನ ಮಟ್ಟ ನೋಡಿ ಹೊರಬನ್ನಿ, ಲಿಮಿಟ್ ಆರ್ಡರಿನಲ್ಲಿ. ಗುಣಕಗಳನ್ನು ತಾಳೆ ನೋಡಿ: ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕದ ಮೇಲಿನ ಎಸ್‌ಪಿಎಕ್ಸ್ ಆಪ್ಷನ್ನಿನದು 100, ಅದೇ ಸೂಚ್ಯಂಕದ ಇ-ಮಿನಿ ಫ್ಯೂಚರ್ಸಿನದು 50, ಹಾಗಾಗಿ 0.5 ಡೆಲ್ಟಾದ ಒಂದು ಆಪ್ಷನ್ನಿನ ಹೆಡ್ಜಿಗೆ ಬೇಕಾದ್ದು ಅರ್ಧವಲ್ಲ, ಪೂರ್ತಿ ಒಂದು ಇ-ಮಿನಿ. ಅಂತಿಮ ಸೆಟಲ್‌ಮೆಂಟ್ ಬೆಲೆ ಹೇಗೆ ಬರುತ್ತದೆ ಎಂಬುದನ್ನು ನಿಯಮದಲ್ಲಿ ಓದಿ. ಕೆಲವು ಕರಾರುಗಳಲ್ಲಿ ಅದು ಬೆಳಗಿನ ಆರಂಭದ ಬೆಲೆಗಳಿಂದ, ಕೆಲವುಗಳಲ್ಲಿ ಮುಕ್ತಾಯದ ಹೊತ್ತಿನ ಸರಾಸರಿಯಿಂದ. ಆಪ್ಷನ್ ಒಂದು ಬೆಲೆಗೆ ತೀರಿ, ಹೆಡ್ಜಿನ ಫ್ಯೂಚರ್ಸ್ ಇನ್ನೊಂದು ಬೆಲೆಗೆ ಮುಚ್ಚಿದರೆ ನಡುವಿನ ವ್ಯತ್ಯಾಸ ನಿಮ್ಮದೇ.

ಷೇರುಗಳ ಸಂಗ್ರಹಕ್ಕೆ ಹೆಡ್ಜ್ ಬೇಕಾದಾಗ ಎರಡರ ವ್ಯತ್ಯಾಸ ಚೊಕ್ಕವಾಗಿ ಕಾಣುತ್ತದೆ. ಸಂಗ್ರಹ 30,00,000, ಬೀಟಾ (ಇಂಡೆಕ್ಸಿಗೆ ಹೋಲಿಸಿದರೆ ಸಂಗ್ರಹ ಏರಿಳಿಯುವ ಪಟ್ಟು) 1.2, ಗುಣಿಸಿ 2,00,000ದಿಂದ ಭಾಗಿಸಿದರೆ 18 ಲಾಟ್. ಫ್ಯೂಚರ್ಸ್ ಮಾರಿದರೆ ಬೀಳುವುದೂ ನಿಂತಿತು, ಏರುವುದೂ ನಿಂತಿತು. ಮಾರುಕಟ್ಟೆ ಏರಿದಾಗ ಷೇರಿನ ಲಾಭ ಕಾಗದದ ಮೇಲೆ, ಫ್ಯೂಚರ್ಸಿನ ನಷ್ಟ ಅದೇ ದಿನ ನಗದಿನಲ್ಲಿ. 19,000 ಪುಟ್ ಕೊಂಡರೆ 60 × 10 × 18, ಒಟ್ಟು 10,800: ತಿಂಗಳಿಗೆ ಸಂಗ್ರಹದ ಶೇ 0.36. ಮೊದಲ ಶೇ 5ರ ಕುಸಿತ ನಿಮ್ಮ ಮೇಲೇ, ಬೀಟಾ ಸೇರಿಸಿದರೆ ಶೇ 6. ಒಂದೆರಡು ವಾರದ ಆತಂಕಕ್ಕೆ ಫ್ಯೂಚರ್ಸ್, ಏರಿಕೆಯನ್ನು ಬಿಟ್ಟುಕೊಡಲಾಗದವರಿಗೆ ಪುಟ್ ಎಂದು ನಾವು ಹೇಳುತ್ತೇವೆ.

ಸಂಜೆಯ ಹಾಳೆ ಹೀಗಿರಲಿ: ಅಡ್ಡಸಾಲಿನಲ್ಲಿ ಇಂಡೆಕ್ಸ್ −10, −5, −3, 0, +3, +5 ಶೇಕಡಾ, ಉದ್ದಸಾಲಿನಲ್ಲಿ ಐವಿ ಇದ್ದಂತೆ, 6 ಪಾಯಿಂಟ್ ಮೇಲೆ, 12 ಮೇಲೆ, 6 ಕೆಳಗೆ. ಪ್ರತಿ ಚೌಕದಲ್ಲೂ ಇಡೀ ಖಾತೆಯ ಲಾಭನಷ್ಟದ ಜೊತೆಗೆ ಆ ಸ್ಥಿತಿಯಲ್ಲಿ ಬೇಕಾಗುವ ಮಾರ್ಜಿನ್ ಕೂಡ. ಲಾಟ್ ಕಡಿಮೆ ಮಾಡಬೇಕಾದ್ದು ಅತಿ ಕೆಟ್ಟ ಚೌಕ ಮಿತಿಯೊಳಗೆ ಬರುವವರೆಗೆ, ಮತ್ತು ಅದು ಮಾರುಕಟ್ಟೆ ಮುಚ್ಚುವ ಮೊದಲು.