ಮೆಷಿನ್ ಮುಟ್ಟುವ ಮುಂಚೆ ಪಾ ಅವರನ್ನು ಕೇಳಬೇಕಿತ್ತು

ನಮ್ಮ ತಂಡದ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರದ ಪೆಟ್ಟಿಗೆ ನನ್ನದೇ. ಒಳಗೆ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ಇತ್ತು, ಗಾಳಿಯಿಂದ ಆಮ್ಲಜನಕ ಬೇರೆ ಮಾಡಿ ರೋಗಿಗೆ ಕೊಡುವ ಮೆಷಿನ್. ನಮ್ಮ ಚರ್ಚ್ ಸಭೆಯ ವಿಶ್ವಾಸಿಯೊಬ್ಬರು ದಾನವಾಗಿ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಕೈಯಿಟ್ಟು ಎಲ್ಲರೂ ಪ್ರಾರ್ಥನೆ ಮಾಡಿ ನಮ್ಮನ್ನು ಕಳಿಸಿಕೊಟ್ಟಿದ್ದರು. ಹೋಗಿದ್ದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ. ಲುಂಗಿ ವಿಮಾನ ನಿಲ್ದಾಣದಲ್ಲಿ ಇಳಿದರೆ ರಾಜಧಾನಿ ಫ್ರೀಟೌನ್ ಇರುವುದು ನೀರಿನ ಆಚೆ ದಡದಲ್ಲಿ. ದೋಣಿಯಲ್ಲಿ ದಾಟುವಾಗ ಆ ಪೆಟ್ಟಿಗೆ ನೆನೆಯಬಾರದು ಅಂತ ದಾರಿಯುದ್ದಕ್ಕೂ ತಬ್ಬಿಕೊಂಡೇ ಕೂತಿದ್ದೆ.

ನಾನು ಬಯೋಮೆಡಿಕಲ್ ಟೆಕ್ನಿಷಿಯನ್. ಆಸ್ಪತ್ರೆಯ ಮೆಷಿನ್ ಕೆಟ್ಟರೆ ರಿಪೇರಿ ಮಾಡುವುದು, ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮಿಷನ್ ಪ್ರವಾಸ ಅಂದರೆ ಡಾಕ್ಟರು, ನರ್ಸು, ಪಾಸ್ಟರು ಹೋಗುವಂಥದ್ದು ಅಂದುಕೊಂಡಿದ್ದೆ. ನನ್ನನ್ನೂ ಕರೆದಾಗ ತುಂಬಾ ಸಂತೋಷವಾಯಿತು. ನನ್ನ ಸ್ಕ್ರೂಡ್ರೈವರ್ ಕೂಡ ದೇವರ ಸೇವೆಗೆ ಬೇಕಂತೆ ಅನ್ನುವ ಸಂತೋಷ ಅದು.

ಉತ್ತರ ಭಾಗದಲ್ಲಿ, ಮಕೇನಿ ಊರಿನಾಚೆ ಒಂದು ಮಿಷನ್ ಆಸ್ಪತ್ರೆ. ಮೂರು ವಾರ ನಮ್ಮ ಕೆಲಸ ಅಲ್ಲೇ. ಜನವರಿ ತಿಂಗಳು. ಆಗ ಸಹಾರಾ ಕಡೆಯಿಂದ ಹರ್ಮಟಾನ್ ಅನ್ನುವ ಒಣಗಾಳಿ ಬೀಸುತ್ತದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಅಷ್ಟು ಧೂಳು.

ಮೊದಲ ದಿನವೇ ಸ್ಟೋರ್ ರೂಮ್ ತೆಗೆಸಿದೆ. ಗೋಡೆಗೆ ಒರಗಿಸಿಟ್ಟ ಮೆಷಿನ್‌ಗಳ ರಾಶಿ. ಬೇರೆ ಬೇರೆ ದೇಶದಿಂದ, ಬೇರೆ ಬೇರೆ ವರ್ಷ ಬಂದ ದಾನಗಳು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು 40 ಶೇಕಡ ಉಪಕರಣಗಳು ಕೆಲಸ ಮಾಡದೆ ಬಿದ್ದಿವೆ ಅಂತ 2011ರ ಒಂದು ಅಧ್ಯಯನದಲ್ಲಿ ಓದಿದ್ದೆ. ಓದಿದ್ದು ಕಣ್ಣೆದುರಿಗೇ ಇತ್ತು. ನನಗೆ ಹುರುಪು ಬಂತು. ಐದು ದಿನದಲ್ಲಿ ಹನ್ನೊಂದು ಮೆಷಿನ್ ಓಡುವ ಹಾಗೆ ಮಾಡಿದೆ. ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ‘ದೇವರಿಗೆ ಸ್ತೋತ್ರ’ ಅಂತ ಸಾಲುಸಾಲಾಗಿ ಉತ್ತರ ಬಂತು.

ಆಸ್ಪತ್ರೆಗೆ ತನ್ನದೇ ಟೆಕ್ನಿಷಿಯನ್ ಇದ್ದರು. ವಯಸ್ಸು ಅರವತ್ತರ ಹತ್ತಿರ. ಎಲ್ಲರೂ ಅವರನ್ನು ‘ಪಾ’ ಅನ್ನುತ್ತಿದ್ದರು. ಅಲ್ಲಿನ ಕ್ರಿಯೋ ಮಾತಿನಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ. ಆ ಐದು ದಿನವೂ ಪಾ ನನ್ನ ಪಕ್ಕದಲ್ಲೇ ನಿಂತಿದ್ದರು. ಕೇಳಿದ ಉಪಕರಣ ಕೊಟ್ಟರು, ಬ್ಯಾಟರಿ ಹಿಡಿದು ಬೆಳಕು ತೋರಿಸಿದರು. ಏಳನೇ ನಂಬರಿನ ಕಾನ್ಸಂಟ್ರೇಟರ್ ಎತ್ತಿಕೊಂಡಾಗ ಮಾತ್ರ, "ಅದು ಸ್ವಲ್ಪ ನೋಡಿಕೊಂಡು" ಅಂದರು. ನಾನು "ಹೂಂ ಪಾ" ಅಂದೆ. ಯಾಕೆ ಅಂತ ಕೇಳಲಿಲ್ಲ.

ಆಮೇಲೆ ನಾನು ತಂದ ಪೆಟ್ಟಿಗೆ ಬಿಚ್ಚಿದೆವು. ಹಿಂಬದಿಯ ಲೇಬಲ್ ಓದಿದವರು ಪಾ. 115 ವೋಲ್ಟ್, 60 ಹರ್ಟ್ಜ್. ಸಿಯೆರಾ ಲಿಯೋನ್‌ನ ಕರೆಂಟು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯಿತು ಅಂದೆ. ಪಾ ಆಗಲ್ಲ ಅಂತ ತಲೆಯಾಡಿಸಿದರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತದೆ ಅನ್ನುವುದನ್ನು ಬದಲಿಸುವುದಿಲ್ಲ. 60ಕ್ಕೆ ಮಾಡಿದ ಕಂಪ್ರೆಸರ್ 50ರಲ್ಲಿ ನಿಧಾನವಾಗಿ ತಿರುಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ನನ್ನ ಕೆಲಸದ ಅಆಇಈ ಇದು. ಆದರೆ ದಾನ ಬಂದಿದೆ, ಪ್ರಾರ್ಥನೆ ಆಗಿದೆ ಅನ್ನುವ ಭರದಲ್ಲಿ ಲೇಬಲ್ ನೋಡಿರಲಿಲ್ಲ. ಅಷ್ಟು ದೂರ ತಬ್ಬಿಕೊಂಡು ಬಂದ ಮೆಷಿನ್ ಅದೇ ಸ್ಟೋರ್ ರೂಮಿನ ಗೋಡೆಗೆ ಒರಗಿತು.

ಅದಾಗಿ ಮೂರನೇ ರಾತ್ರಿ ನಡೆದದ್ದನ್ನು ನಾನು ಮರೆಯಲಾರೆ.

ಏಳನೇ ನಂಬರಿನ ಮೆಷಿನ್ನನ್ನು ಮಕ್ಕಳ ವಾರ್ಡಿಗೆ ಕೊಟ್ಟಿದ್ದೆ. ಕಾನ್ಸಂಟ್ರೇಟರ್ ಕೆಲಸ ಮಾಡುವ ರೀತಿ ಸರಳ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಇರುತ್ತದೆ. ಒಳಗಿನ ಕೊಳವೆಗಳಲ್ಲಿ ಜಿಯೋಲೈಟ್ ಅನ್ನುವ ಪುಟ್ಟ ಪುಟ್ಟ ಹರಳುಗಳಿರುತ್ತವೆ. ಅವು ಗಾಳಿಯ ನೈಟ್ರೋಜನ್ ಹಿಡಿದುಕೊಳ್ಳುತ್ತವೆ, ಉಳಿದ ಆಮ್ಲಜನಕ ರೋಗಿಗೆ ಹೋಗುತ್ತದೆ. ಒಳ್ಳೆ ಮೆಷಿನ್ ಶೇಕಡ 90ರ ಮೇಲೆ ಕೊಡುತ್ತದೆ. ಆ ಹರಳುಗಳಿಗೆ ತೇವ ತಗುಲಿದರೆ ಅವು ಸೋಲುತ್ತವೆ. ಹೊಸ ಮೆಷಿನ್‌ಗಳಲ್ಲಿ ಶುದ್ಧತೆ ಇಳಿದರೆ ಕೂಗುವ ಅಲಾರ್ಮ್ ಇರುತ್ತದೆ. ಏಳನೇ ನಂಬರ್ ಹಳೆಯದು, ಅದಕ್ಕೆ ಆ ಸೆನ್ಸರ್ ಇರಲಿಲ್ಲ. ನಾನು ಆಮ್ಲಜನಕದ ಶುದ್ಧತೆ ಅಳೆಯುವ ನನ್ನ ಮೀಟರ್ ಹಚ್ಚಿ ಇಪ್ಪತ್ತು ನಿಮಿಷ ನೋಡಿದ್ದೆ. 92 ತೋರಿಸಿತ್ತು. ಸರಿ ಅಂತ ಬರೆದು ಸಹಿ ಹಾಕಿದ್ದೆ.

ಆ ರಾತ್ರಿ ನ್ಯುಮೋನಿಯಾದ ಒಂದು ಮಗುವಿಗೆ ಅದನ್ನು ಹಾಕಿದ್ದರು. ಐದು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಒಳಗೊಳಗೇ ಸೋತಿತು. ಸದ್ದು ಅದೇ, ಹರಿವು ಅದೇ, ಹಸಿರು ದೀಪ ಅದೇ. ಕೊಳವೆಯಲ್ಲಿ ಹೋಗುತ್ತಿದ್ದ ಆಮ್ಲಜನಕ ಮಾತ್ರ ಸಾಲುತ್ತಿರಲಿಲ್ಲ. ಕಂಡುಹಿಡಿದದ್ದು ರಾತ್ರಿ ಪಾಳಿಯ ನರ್ಸ್. ಮಗುವಿನ ಬೆರಳಿಗೆ ಹಾಕಿದ, ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ 94ರಿಂದ 86ಕ್ಕೆ ಇಳಿದಿತ್ತು. ಅವರು ಕರೆ ಕಳಿಸಿದ್ದು ನನಗಲ್ಲ, ಪಾ ಅವರಿಗೆ. ಪಾ ಕತ್ತಲಲ್ಲೇ ಓಡಿಬಂದು ಕಾಯ್ದಿಟ್ಟಿದ್ದ ಸಿಲಿಂಡರ್ ಹಚ್ಚಿದರು. ಮಗು ಉಳಿಯಿತು. ನಾಲ್ಕು ದಿನ ಬಿಟ್ಟು ತಾಯಿಯ ಬೆನ್ನ ಮೇಲೆ ಮನೆಗೆ ಹೋಯಿತು. ಇದಷ್ಟೂ ನಡೆಯುವಾಗ ನಾನು ಗೆಸ್ಟ್ ಹೌಸಿನಲ್ಲಿ ನಿದ್ದೆ ಮಾಡುತ್ತಿದ್ದೆ.

ಬೆಳಿಗ್ಗೆ ಪಾ ನನ್ನನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತೆಗೆದರು. ಎಣ್ಣೆ ಕಲೆಯ ರಟ್ಟು. ಆರು ವರ್ಷದಿಂದ ಪ್ರತಿ ಮೆಷಿನ್‌ಗೂ ಒಂದೊಂದು ಪುಟ. ಏಳನೇ ನಂಬರಿನ ಪುಟದಲ್ಲಿ ಬರೆದಿತ್ತು: ನಾಲ್ಕು ಗಂಟೆ ಮಾತ್ರ, ಆಮೇಲೆ ಸೋಲುತ್ತದೆ. ಅದರ ಕೆಳಗೆ: ಸಿಲಿಂಡರ್ ಬರುವವರೆಗೆ ಅಷ್ಟೇ ಬಳಸಬೇಕು. ಪುಟ ತಿರುಗಿಸುತ್ತಾ ಹೋದೆ. ಯಾವ ಗೋಡೆಯ ಸಾಕೆಟ್‌ನಲ್ಲಿ ಜನರೇಟರ್ ಶುರುವಾದಾಗ ವೋಲ್ಟೇಜ್ ಜಿಗಿಯುತ್ತದೆ, ಯಾವ ಮೆಷಿನ್‌ನ ಬಿಡಿಭಾಗ ಯಾವುದಕ್ಕೆ ಹೊಂದುತ್ತದೆ, ಹರ್ಮಟಾನ್ ತಿಂಗಳಲ್ಲಿ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಎಲ್ಲವೂ ಇತ್ತು. ನಾನು ‘ರಿಪೇರಿ’ ಮಾಡಿದ ಹನ್ನೊಂದರಲ್ಲಿ ನಾಲ್ಕು ಕೆಟ್ಟೇ ಇರಲಿಲ್ಲ. ಬೇರೆ ಮೆಷಿನ್ ಉಳಿಸಲು ಬಿಡಿಭಾಗಕ್ಕೆ ಅಂತ ಪಾ ಎತ್ತಿಟ್ಟಿದ್ದವು ಅವು.

"ಯಾಕೆ ಹೇಳಲಿಲ್ಲ ಪಾ?" ಅಂತ ಕೇಳಿದೆ.

"ನೀವು ಬಹಳ ಬೇಗ ಬೇಗ ಕೆಲಸ ಮಾಡುತ್ತಿದ್ದಿರಿ. ನನಗೆ ಗೊತ್ತಿಲ್ಲದ್ದು ನಿಮಗೆ ಏನೋ ಗೊತ್ತಿರಬೇಕು ಅಂದುಕೊಂಡೆ" ಅಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು.

ಇದು ಸುಮ್ನೆ ಸಂಕೋಚದ ವಿಷಯ ಅಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ದೂರದಿಂದ ಸಹಾಯ ಮಾಡಲು ಬಂದವರ ಮುಂದೆ ಅಲ್ಲೇ ಇರುವವರು ಬಾಯಿ ತೆರೆಯುವುದು ಕಷ್ಟ. ಅತಿಥಿಗೆ ತಪ್ಪು ತೋರಿಸಬಾರದು ಅನ್ನುವುದು ಒಂದು. ಮುಂದಿನ ವರ್ಷ ಬರದೇ ಹೋದರೆ ಅನ್ನುವ ಭಯ ಇನ್ನೊಂದು. ಹಾಗಾಗಿ ಕೇಳುವ ಭಾರ ಬಂದವರದ್ದೇ.

ಆ ದಿನ ಮೊದಲು ನರ್ಸ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಹೌ ಡಿ ಬಾಡಿ?" ಅಂದೆ, ಕಲಿತಿದ್ದ ನಾಲ್ಕು ಮಾತಿನಲ್ಲಿ ಒಂದು. ಹೇಗಿದ್ದೀರಿ ಅಂತ ಅರ್ಥ. "ಆ ಟೆಲ್ ಗಾಡ್ ಟೆಂಕಿ" ಅಂದರು. ದೇವರಿಗೆ ವಂದನೆ ಹೇಳುತ್ತೇನೆ ಅಂತ. ಅಲ್ಲಿ ಕ್ರೈಸ್ತರೂ ಮುಸ್ಲಿಮರೂ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ರಾತ್ರಿಯಿಡೀ ನನ್ನ ತಪ್ಪನ್ನು ತಿದ್ದಿ ದಣಿದವರ ಬಾಯಿಂದ ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಶುರುವಾಗುವ ಮುಂಚೆ ಪ್ರತಿದಿನ ಪ್ರಾರ್ಥನೆ ಇರುತ್ತಿತ್ತು. ಆ ವಾರ ಯೇಸು ಎಪ್ಪತ್ತು ಜನರನ್ನು ಇಬ್ಬಿಬ್ಬರಾಗಿ ಕಳಿಸಿದ ಭಾಗ ಓದಿದರು. ಚೀಲ ಬೇಡ, ಹಣ ಬೇಡ, ಚಪ್ಪಲಿ ಬೇಡ ಅಂತ ಹೇಳಿ ಕಳಿಸುತ್ತಾನೆ. ಹೋದ ಮನೆಯಲ್ಲೇ ಇರಿ, ಅವರು ಕೊಟ್ಟದ್ದನ್ನು ಉಣ್ಣಿ ಅನ್ನುತ್ತಾನೆ. ಚಿಕ್ಕಂದಿನಿಂದ ಕೇಳಿದ ಭಾಗ. ಅಲ್ಲಿಯವರೆಗೆ ಅದನ್ನು ಬಡತನದ ಪಾಠ ಅಂದುಕೊಂಡಿದ್ದೆ. ಆ ಬೆಳಿಗ್ಗೆ ಬೇರೆ ಥರ ಕೇಳಿಸಿತು. ಬರಿಗೈಲಿ ಹೋದವನು ಕೇಳಲೇಬೇಕು. ನೀರು ಎಲ್ಲಿ, ದಾರಿ ಯಾವುದು, ಇಲ್ಲಿ ಹೇಗೆ, ಎಲ್ಲವನ್ನೂ ಅಲ್ಲಿಯವರಿಂದಲೇ ಕೇಳಿ ತಿಳಿಯಬೇಕು. ನಾನು ಪೆಟ್ಟಿಗೆ ತುಂಬಿಕೊಂಡು ಹೋಗಿದ್ದೆ, ಅದಕ್ಕೇ ಕೇಳುವ ಅಗತ್ಯ ಕಂಡಿರಲಿಲ್ಲ.

ಉಳಿದ ದಿನಗಳಲ್ಲಿ ನಾನು ಪಾ ಅವರ ಕೈಕೆಳಗೆ ಕೆಲಸ ಮಾಡಿದೆ. ಅವರು ಹೇಳಿದ ಮೆಷಿನ್, ಅವರು ಹೇಳಿದ ಕ್ರಮದಲ್ಲಿ. ಈ ಸಲ ಪ್ರತಿ ಕಾನ್ಸಂಟ್ರೇಟರನ್ನೂ ಎಂಟು ಗಂಟೆ ಓಡಿಸಿ, ಗಂಟೆಗೊಮ್ಮೆ ಶುದ್ಧತೆ ಬರೆದೆವು. ಜಿಗಿಯುವ ಸಾಕೆಟ್‌ಗಳಿಗೆ ಸ್ಟೆಬಿಲೈಜರ್ ಹಾಕಿದೆವು. ನನ್ನ ಮೀಟರನ್ನು ಅಲ್ಲೇ ಬಿಟ್ಟು ಬಂದೆ. ಅದು ಅವರಿಗೆ ನಿಜವಾಗಿಯೂ ಬೇಕಿತ್ತು, ಅವರೇ ಕೇಳಿದರು. ಕೊನೆಗೆ ಗಟ್ಟಿಯಾಗಿ ನಿಂತ ಮೆಷಿನ್ ಐದು. ಫೋಟೋ ತೆಗೆಯಲಿಲ್ಲ.

ವಾಪಸ್ ಹೊರಡುವ ಮುಂಚೆ ಫ್ರೀಟೌನ್‌ನ ಕ್ಲೈನ್ ಟೌನ್‌ನಲ್ಲಿ ಹಳೆಯ ಫೌರಾ ಬೇ ಕಾಲೇಜಿನ ಪಾಳು ಕಟ್ಟಡ ನೋಡಿದೆವು. ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿ 1827ರಲ್ಲಿ ಶುರುಮಾಡಿದ ಕಾಲೇಜು ಅದು. ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್. ಗುಲಾಮರ ಹಡಗಿನಿಂದ ಬಿಡುಗಡೆಯಾಗಿ 1822ರಲ್ಲಿ ಈ ದಡಕ್ಕೆ ಬಂದ ಹುಡುಗ. 1864ರಲ್ಲಿ ಅವರು ಆಫ್ರಿಕಾದ ಮೊದಲ ಕರಿಯ ಆಂಗ್ಲಿಕನ್ ಬಿಷಪ್ ಆದರು. ತಮ್ಮ ಯೊರುಬಾ ಭಾಷೆಗೆ ಬೈಬಲ್ ತರುವ ಕೆಲಸದ ಮುಂದಾಳು ಅವರೇ. ಹೊರಗಿನವರಿಗೆ ಬಾರದ ಮಾತು, ತಿಳಿಯದ ಮನಸ್ಸು ಅವರಿಗೆ ಗೊತ್ತಿತ್ತು. ಆ ಗೋಡೆಗಳ ಎದುರು ನಿಂತಾಗ ನನಗೆ ಪಾ ಅವರ ನೋಟ್‌ಬುಕ್ಕೇ ನೆನಪಾಯಿತು.

ಮರಳಿ ಬಂದ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ನಮ್ಮ ಅನುಭವ ಎಲ್ಲರ ಮುಂದೆ ಹಂಚಿಕೊಳ್ಳುವ ಸರದಿ ಬಂತು. ಹನ್ನೊಂದು ಮೆಷಿನ್ ಕಥೆ ಕೇಳಲು ಎಲ್ಲರೂ ಕಾಯುತ್ತಿದ್ದರು. ನಾನು ಏಳನೇ ನಂಬರಿನ ಕಥೆ ಹೇಳಿದೆ. ಕಾನ್ಸಂಟ್ರೇಟರ್ ಕೊಟ್ಟವರೂ ಎದುರಿಗೇ ಕೂತಿದ್ದರು. ತಪ್ಪು ನನ್ನದು, ಲೇಬಲ್ ನೋಡಬೇಕಾದವನು ನಾನು ಅಂದೆ. ಆರಾಧನೆ ಮುಗಿದ ಮೇಲೆ ಅವರು ಬಂದು, "ಮುಂದಿನ ಸಲ ಏನು ಬೇಕೋ ಅವರನ್ನೇ ಕೇಳಿ ಹೇಳಿ" ಅಂದರು.

ಕೆಲಸದಲ್ಲೂ ರೂಢಿ ಬದಲಾಗಿದೆ. ಮೊದಲೆಲ್ಲ ಕಂಪ್ಲೇಂಟ್ ಬಂದರೆ ನೇರ ಮೆಷಿನ್ ಹತ್ತಿರ ಹೋಗುತ್ತಿದ್ದೆ. ಈಗ ಮೊದಲು ಅದನ್ನು ದಿನಾ ಬಳಸುವವರ ಹತ್ತಿರ ಹೋಗುತ್ತೇನೆ. ಅದರಲ್ಲೂ ರಾತ್ರಿ ಪಾಳಿಯವರ ಹತ್ತಿರ. ಯಾವಾಗ ಸೋಲುತ್ತದೆ, ಸೋಲುವ ಮುಂಚೆ ಏನು ಮಾಡುತ್ತದೆ, ನೀವು ಹೇಗೆ ಸಂಭಾಳಿಸುತ್ತೀರಿ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ. ಒಂದು ದಿನಕ್ಕೆ ಮುಗಿಯುವ ಕೆಲಸಗಳ ಎಣಿಕೆ ಕಡಿಮೆಯಾಗಿದೆ, ಮೇಲಿನವರು ಅದನ್ನು ಕೇಳಿದ್ದೂ ಉಂಟು. ಆದರೆ ಒಂದೇ ಮೆಷಿನ್ ಮತ್ತೆ ಮತ್ತೆ ನನ್ನ ಮೇಜಿಗೆ ಬರುವುದು ನಿಂತಿದೆ.

ಪಾ ತಿಂಗಳಿಗೊಮ್ಮೆ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸುತ್ತಾರೆ. ಮುಂದಿನ ಜನವರಿಗೆ ನಮ್ಮ ತಂಡ ಮತ್ತೆ ಹೊರಡುತ್ತದೆ. ಈ ಸಲದ ಪಟ್ಟಿ ಅವರೇ ಬರೆದಿದ್ದಾರೆ: ಎರಡು ಮಾಡೆಲ್‌ಗಳಿಗೆ ಜಿಯೋಲೈಟ್ ಕೊಳವೆ, ಗಾಳಿ ಫಿಲ್ಟರ್, 230 ವೋಲ್ಟಿನ ಮೂರು ಸ್ಟೆಬಿಲೈಜರ್, ಒಂದು ಹೊಸ ನೋಟ್‌ಬುಕ್. ಕೊಳವೆಗಳು ಬಂದಿವೆ, ಲೇಬಲ್‌ನ ಫೋಟೋ ಅವರಿಗೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆಯೇ ಪೆಟ್ಟಿಗೆ ಕಟ್ಟುವುದು.