ಅಪ್ಪ ಲೈಸೆನ್ಸ್ ಮಾಡಿಸಿದ ಮನೆ

ಮಡಿಕೇರಿಯಲ್ಲಿ ಸ್ವಲ್ಪ ವಯಸ್ಸಾದ ಯಾರನ್ನಾದರೂ ಸನ್ನಿಸೈಡ್ ಎಲ್ಲಿ ಅಂತ ಕೇಳಿ ನೋಡಿ. "ಹಳೇ ಆರ್‌ಟಿಓ ಆಫೀಸಾ?" ಅಂತಲೇ ತಿರುಗಿ ಕೇಳುತ್ತಾರೆ. ಮುಂದೆ ದೇಶದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ ಬೆಳೆದ ಮನೆ ಅದು. ಈಗ ಮ್ಯೂಸಿಯಂ ಆಗಿದೆ, 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟನೆ ಮಾಡಿದರು. ಆದರೆ ಅದಕ್ಕೂ ಮೊದಲು ವರ್ಷಗಟ್ಟಲೆ ಅಲ್ಲಿ ಸಾರಿಗೆ ಕಚೇರಿ ಇತ್ತು. ನಮ್ಮ ಕಡೆಯ ಎಷ್ಟೋ ಜನ ಆ ಮನೆಯ ಒಳಗೆ ಕಾಲಿಟ್ಟಿದ್ದು ಲೈಸೆನ್ಸ್ ಮಾಡಿಸೋಕೆ.

ನಮ್ಮಪ್ಪನೂ ಅವರಲ್ಲೊಬ್ಬರು. ಕಾಫಿ ತೋಟದ ಜೀಪು ಓಡಿಸುತ್ತಿದ್ದವರು. ಹೋದ ವರ್ಷ ಹುತ್ತರಿ ಹಬ್ಬ ಮುಗಿದ ಮೇಲೆ ಅವರನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೊರಗೆ ನಿಲ್ಲಿಸಿರುವ ಯುದ್ಧ ಟ್ಯಾಂಕಿನ ಹತ್ತಿರ ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಅದನ್ನು ನೋಡಲೇ ಇಲ್ಲ, ಸೀದಾ ಹೋಗಿ ಮನೆಯ ಮುಂದೆ ನಿಂತು, "ಇಲ್ಲಿಂದ ಲೈನು ಶುರುವಾಗುತ್ತಿತ್ತು, ಮಳೆಗಾಲದಲ್ಲಿ ಅಷ್ಟೂ ಜನ ಈ ಮಾಡಿನ ಕೆಳಗೇ ಒತ್ತಿಕೊಂಡು ನಿಲ್ಲುತ್ತಿದ್ದೆವು, ಕೊಡೆಯ ನೀರೆಲ್ಲ ಹಿಂದಿನವನ ಕಾಲಿನ ಮೇಲೆ" ಅಂದರು. ಒಳಗೆ ಹೋದ ಮೇಲೂ ಅಷ್ಟೇ. ನಾನು ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದರೆ ಅವರು ಗೋಡೆಯನ್ನೇ ನೋಡುತ್ತಿದ್ದರು. ಕಿಟಕಿಯ ಪಕ್ಕ ಒಂದು ಮೇಜು ಇತ್ತಂತೆ. ಅರ್ಜಿಗೆ ಫೋಟೋ ಅಂಟಿಸೋಕೆ ಅದರ ಮೇಲೆ ಗೋಂದಿನ ಬಾಟಲಿ. ಅದರ ಮುಚ್ಚಳ ಯಾವಾಗಲೂ ಅಂಟಿಕೊಂಡಿರುತ್ತಿದ್ದರಿಂದ ಎಲ್ಲರೂ ಹಲ್ಲಲ್ಲಿ ಕಚ್ಚಿ ತೆಗೆಯುತ್ತಿದ್ದರಂತೆ.

ಅಲ್ಲಿಗೆ ಬರುತ್ತಿದ್ದವರಿಗೆ ಇದು ತಿಮ್ಮಯ್ಯನವರ ಮನೆ ಅಂತ ಗೊತ್ತಿತ್ತಾ ಅಂತ ಕೇಳಿದೆ. "ಗೊತ್ತಿಲ್ಲದೆ ಏನು, ಎಲ್ಲರಿಗೂ ಗೊತ್ತಿತ್ತು" ಅಂದರು. ಲೈನಿನಲ್ಲಿ ರಿಟೈರ್ಡ್ ಸುಬೇದಾರ್, ಹವಾಲ್ದಾರ್ ಯಾರಾದರೂ ಇದ್ದೇ ಇರುತ್ತಿದ್ದರಂತೆ. ಕೊಡಗಿನಲ್ಲಿ ಅದೇನು ಆಶ್ಚರ್ಯವಲ್ಲ ಅಲ್ವಾ. ಅವರೇ ಹುಡುಗರಿಗೆಲ್ಲ ಝೋಜಿಲಾ ಕತೆ, ಅಂದರೆ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಆ ಕಣಿವೆದಾರಿಯಲ್ಲಿ ನಡೆದ ಯುದ್ಧದ ಕತೆ ಹೇಳುತ್ತಿದ್ದದ್ದು.

ಆ ಕತೆ ನನಗೆ ಎಷ್ಟು ಸಲ ಕೇಳಿದರೂ ಸಾಲದು. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, ಲೇಹ್‌ಗೆ ಹೋಗುವ ರಸ್ತೆ ಬಂದ್ ಆಗಿತ್ತು. ಕಣಿವೆಯ ಎರಡೂ ಕಡೆಯ ಗುಡ್ಡದಲ್ಲಿ ಶತ್ರು ಕೂತಿದ್ದ. ಕಾಲಾಳುಗಳು ನುಗ್ಗಲು ನೋಡಿದರು, ಆಗಲಿಲ್ಲ. ಆಗ ಅಲ್ಲಿ ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಟ್ಯಾಂಕ್ ಹತ್ತಿಸೋಣ ಅಂದರು. ಹನ್ನೊಂದು ಸಾವಿರ ಅಡಿ ದಾಟಿದ ಎತ್ತರಕ್ಕೆ! ಅಷ್ಟು ಮೇಲೆ ಯಾರೂ ಟ್ಯಾಂಕ್ ತಂದು ಯುದ್ಧ ಮಾಡಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತಿರುಗುವ ಗೂಡು ಬಿಚ್ಚಿ, ಬಟ್ಟೆ ಮುಚ್ಚಿ, ಯಾರಿಗೂ ಸುಳಿವು ಸಿಗದ ಹಾಗೆ ಜಮ್ಮು ಕಡೆಯಿಂದ ಸಾಗಿಸಿದರು. ಹೇಸರಗತ್ತೆ ಹೋಗುವ ದಾರಿಯನ್ನು ಅಗಲ ಮಾಡಿ ಕೊಟ್ಟವರು ನಮ್ಮ ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರ ಇರುವ ಸೇನೆಯ ಎಂಜಿನಿಯರ್ ದಳ, ಮದ್ರಾಸ್ ಸ್ಯಾಪರ್ಸ್. ನವೆಂಬರ್ 1ರಂದು ಹಿಮದಲ್ಲಿ ಟ್ಯಾಂಕುಗಳು ಮೇಲೆ ಬಂದವು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ಜನರಲ್ ಇದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಲೇಹ್‌ನಲ್ಲಿ ಇಳಿದ ಮೊದಲ ಡಕೋಟಾ ವಿಮಾನದಲ್ಲೂ ಅವರಿದ್ದರು, ವಾಯುಪಡೆಯ ಮೆಹರ್ ಸಿಂಗ್ ಓಡಿಸಿದ್ದು. ಹಿಂದೆ ಕೂತು ಆರ್ಡರ್ ಕೊಡುವ ಜಾತಿಯಲ್ಲ ಆ ಮನುಷ್ಯ. ಅದಕ್ಕೇ ಜವಾನರು ಅವರನ್ನು ಅಷ್ಟು ಹಚ್ಚಿಕೊಂಡಿದ್ದು ಅಂತ ನನ್ನ ನಂಬಿಕೆ.

ಮನೆಯೊಳಗೆ ಓಡಾಡುವಾಗ ನನಗೆ ಜಾಸ್ತಿ ಕಾಡಿದ್ದು ಮಾತ್ರ ಬೇರೆ ವಿಷಯ. ಈ ಮನೆಯ ಮೂವರು ಅಣ್ಣತಮ್ಮಂದಿರೂ ಸೈನ್ಯಕ್ಕೆ ಹೋದವರು. ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಬರ್ಮಾದ ಅರಾಕಾನಿನಲ್ಲಿ ಹೋರಾಡುತ್ತಿದ್ದರು. ಆ ಯುದ್ಧದಲ್ಲಿ ರಣರಂಗದಲ್ಲಿ ಒಂದು ಬ್ರಿಗೇಡನ್ನು ಮುನ್ನಡೆಸಿದ ಒಬ್ಬರೇ ಭಾರತೀಯ ಅವರು. ಅಣ್ಣ ಪೊನ್ನಪ್ಪ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಸುಭಾಷ್‌ಚಂದ್ರ ಬೋಸರ ಐಎನ್‌ಎ (ಇಂಡಿಯನ್ ನ್ಯಾಷನಲ್ ಆರ್ಮಿ) ಸೇರಿದ್ದರು. ಒಂದೇ ತಾಯಿಯ ಮಕ್ಕಳು, ಎದುರುಬದುರಾದ ಎರಡು ಸೇನೆಗಳಲ್ಲಿ. ಯಾರ ಕಡೆ ಗೆದ್ದರೆ ಯಾರ ಗತಿ ಏನು ಅಂತ ಆ ತಾಯಿ ಚೀತವ್ವ ಹೇಗೆ ದಿನ ಕಳೆದರೋ. ನಾನು ಒಂದು ಕೋಣೆಯಲ್ಲಿ ಸುಮ್ನೆ ನಿಂತುಬಿಟ್ಟೆ. ಯುದ್ಧದ ಸುದ್ದಿ ಮಡಿಕೇರಿಗೆ ಬರೋಕೆ ಆಗ ಎಷ್ಟು ದಿನ ಬೇಕಿತ್ತು, ಯೋಚನೆ ಮಾಡಿ.

ವಾಪಸು ಬರುವಾಗ ನಮ್ಮ ಸೋದರತ್ತೆಯ ಮನೆಗೆ ಹೋದೆವು. ಅವರಿಗೆ ನೆನಪಿರುವುದು 1965ರ ಡಿಸೆಂಬರ್. ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನೋಡಿಕೊಳ್ಳಲು ಹೋಗಿದ್ದರು, ಅಲ್ಲೇ ಡ್ಯೂಟಿಯಲ್ಲಿ ಇರುವಾಗಲೇ 18ನೇ ತಾರೀಕು ತೀರಿಕೊಂಡರು. ವಯಸ್ಸು ಅರವತ್ತೂ ಆಗಿರಲಿಲ್ಲ. ಅತ್ತೆಗೆ ಆಗ ಸ್ಕೂಲಿಗೆ ಹೋಗುವ ವಯಸ್ಸು. ರೇಡಿಯೋದಲ್ಲಿ ಸುದ್ದಿ ಬಂದಾಗ ನಮ್ಮ ತಾತ, ಅವರೂ ಸಿಪಾಯಿಯಾಗಿದ್ದವರು, ಊಟದ ತಟ್ಟೆ ಬಿಟ್ಟು ಎದ್ದು ಹೋದರಂತೆ. "ಮನೆಯವರೇ ಹೋದ ಹಾಗೆ ಮಾಡಿದರು, ನಮಗೆ ಮಾತಾಡಿಸೋಕೂ ಹೆದರಿಕೆ" ಅಂದರು ಅತ್ತೆ. ಮುಂದಿನ ವರ್ಷ ಸೈಪ್ರಸ್ ಸರ್ಕಾರ ತಿಮ್ಮಯ್ಯನವರ ನೆನಪಿಗೆ ಅಂಚೆಚೀಟಿ ತಂದಿತು. ದೂರದ ಪುಟ್ಟ ದ್ವೀಪದವರಿಗೆ ಅದು ಅಷ್ಟು ಬೇಗ ಹೊಳೆದಿತ್ತು. ನಾವು ಅವರ ಮನೆಗೆ ಒಂದು ಮ್ಯೂಸಿಯಂ ಮಾಡೋಕೆ ಐವತ್ತು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡೆವು. ಇದು ನನಗೆ ನೋವಿನ ವಿಷಯ.

ಆದರೂ ಆರ್‌ಟಿಓ ಇದ್ದ ಕಾಲವನ್ನು ಮರೆಯಬೇಕು ಅಂತ ನನಗೆ ಅನಿಸುವುದಿಲ್ಲ. ಆಫೀಸು ಅಂತ ಬಳಕೆಯಲ್ಲಿ ಇದ್ದದ್ದರಿಂದಲೇ ಮನೆ ಬೀಳದೆ ಉಳಿಯಿತು ಅನ್ನುವುದೂ ಇರಬಹುದಲ್ವಾ. ಮಾಡಿನ ಕೆಳಗೆ ನೆನೆದುಕೊಂಡು ನಿಂತವರು, ಅಲ್ಲೇ ಝೋಜಿಲಾ ಕತೆ ಕೇಳಿದವರು, ಅವರೂ ಈ ಮನೆಯ ಚರಿತ್ರೆಯೊಳಗೆ ಇದ್ದಾರೆ. ನಿಮ್ಮ ಮನೆಯ ಆಲ್ಬಂನಲ್ಲಿ ಸನ್ನಿಸೈಡ್‌ನ ಹಳೇ ಫೋಟೋ ಇದ್ದರೆ, ಆಫೀಸಿನ ಬೋರ್ಡ್ ಇರುವ ಕಾಲದ್ದಾದರೂ ಸರಿ, ಒಂದು ಪ್ರತಿ ತೆಗೆಸಿ ಮ್ಯೂಸಿಯಂಗೆ ಕೊಡಿ. ಹಿಂದೆ ಇಸವಿ ಬರೆಯುವುದನ್ನು ಮರೆಯಬೇಡಿ.