ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಏನಿಡ್ತೀರ?

ಈ ವಾರ ಬೆಂಗಳೂರಿನ 30x40 ಸೈಟಿನ ಒಂದು ಮನೆಯ ಪಾರ್ಕಿಂಗಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಮೆಟ್ಟಿಲ ಕೆಳಗಿನ ಮೂಲೆಯ ಮುಂದೆ ಬಡಗಿ ಆಚಾರ್ರು ಟೇಪು ಹಿಡಿದು ಕೂತಿದ್ದರು.

‘ಇದರೊಳಗೆ ಏನಿಡ್ತೀರ ಸಾರ್?’

‘ಏನಾದ್ರೂ ಇಡ್ತೀವಿ ಆಚಾರ್ರೇ. ಜಾಗ ವೇಸ್ಟ್ ಆಗ್ಬಾರ್ದು, ಅಷ್ಟೆ.’

‘ಏನಾದ್ರೂ ಅಂದ್ರೆ ನಾನು ಯಾವ ಅಳತೆ ಬರ್ಕೊಳ್ಲಿ?’

ಯಜಮಾನರಿಗೆ ರೇಗಿತು. ನಿವೃತ್ತ ಅಧಿಕಾರಿ, ಪ್ರಶ್ನೆ ಕೇಳಿ ಅಭ್ಯಾಸವೇ ಹೊರತು ಕೇಳಿಸಿಕೊಂಡು ಅಲ್ಲ. ಅವರ ಮನಸ್ಸಿನಲ್ಲಿದ್ದದ್ದು ಮೆಟ್ಟಿಲ ಕೆಳಗಿನ ತ್ರಿಕೋನವನ್ನು ಪೂರ್ತಿ ಮುಚ್ಚುವ, ಮೂರಡಿ ಆಳದ, ಲ್ಯಾಮಿನೇಟ್ ಬಾಗಿಲಿನ ಬೀರು. ನೋಡಲು ಚೆಂದ. ಆದರೆ ನಿಂತ ಜಾಗದಿಂದ ಬಗ್ಗಿ ಕೈ ಚಾಚಿದರೆ ಸಲೀಸಾಗಿ ಸಿಗುವುದು ಎರಡಡಿ. ಮೂರನೆಯ ಅಡಿಗೆ ಹೋದ ಸಾಮಾನು ಮುಂದಿನ ಸುಣ್ಣಬಣ್ಣದ ತನಕ ಹೊರಗೆ ಬರುವುದಿಲ್ಲ. ಮೂಲೆ ತುಂಬಿಸುವುದಕ್ಕೆ ಯಾವ ಬುದ್ಧಿಯೂ ಬೇಡ. ತುಂಬಿದ್ದನ್ನು ತೆಗೆಯುವ ದಾರಿ ಬಿಡುವುದೇ ಕೆಲಸ.

ಆಚಾರ್ರು ಬೀರುವಿನ ಬದಲು ಗಾಲಿಯ ಮೇಲೆ ಮೆಟ್ಟಿಲ ಪಕ್ಕದಿಂದ ಹೊರಗೆ ಎಳೆಯುವ ಮೂರು ಪೆಟ್ಟಿಗೆ ಹೇಳಿದರು. ಲೆಕ್ಕ ಸುಲಭ. ಆ ಮೆಟ್ಟಿಲ ಏರು (ಒಂದೊಂದರ ಎತ್ತರ) 6 ಇಂಚು, ತುಳಿ (ಕಾಲಿಡುವ ಅಗಲ) 10 ಇಂಚು. ಅಂದರೆ ಒಳಗೆ 10 ಇಂಚು ಹೋದಂತೆಲ್ಲ ತಲೆಯ ಮೇಲಿನ ಸ್ಲ್ಯಾಬ್ 6 ಇಂಚು ತಗ್ಗುತ್ತದೆ. ಸ್ಲ್ಯಾಬಿನ ಕೆಳಮೈ 60 ಇಂಚು ಎತ್ತರವಿರುವ ಕಡೆ ಶುರುಮಾಡಿ ಇಪ್ಪತ್ತಿಪ್ಪತ್ತು ಇಂಚಿಗೆ ಗುರುತು ಹಾಕಿದರೆ ಎತ್ತರ 48, 36, 24ಕ್ಕೆ ಇಳಿಯುತ್ತದೆ. ಪೆಟ್ಟಿಗೆಗೆ ತಗ್ಗಾದ ತುದಿಯ ಎತ್ತರವೇ ಲೆಕ್ಕ. ಅದರಲ್ಲೂ ಎರಡಿಂಚು ಬಿಟ್ಟು, ಗಾಲಿ ಸೇರಿ 46, 34, 22 ಇಂಚು. ಅಗಲ 19, ಆಳ 34. ಮೆಟ್ಟಿಲ ಅಗಲ 36 ಇರುವುದರಿಂದ ಹಿಂದೆ ಎರಡಿಂಚು ಗಾಳಿಯಾಡುತ್ತದೆ. ಪೆಟ್ಟಿಗೆಯ ಮೇಲ್ಭಾಗವನ್ನು ಸ್ಲ್ಯಾಬಿನ ಹಾಗೆ ಓರೆ ಮಾಡಿ ಇನ್ನಷ್ಟು ಜಾಗ ಗಿಟ್ಟಿಸಬಹುದು ಅನ್ನುವವರಿದ್ದಾರೆ. ಆ ಓರೆಯೊಳಗೆ ನಾಲ್ಕು ಚೌಕ ಡಬ್ಬ ಇಟ್ಟು ನೋಡಲಿ.

ಗಾಲಿಯ ವಿಷಯದಲ್ಲಿ ಕಂಜೂಸಿ ಬೇಡ. ಪಾರ್ಕಿಂಗಿಗೆ ಹಾಕುವ ಗೆರೆಗೆರೆಯ ಟೈಲ್ಸಿನಲ್ಲಿ ಒಂದೂವರೆ ಇಂಚಿನ ಗಾಲಿ ಸಿಕ್ಕಿಕೊಳ್ಳುತ್ತದೆ; ಮೂರಿಂಚಿನದ್ದು ಬೇಕು. ನೇರ ಎಳೆಯುವ ಪೆಟ್ಟಿಗೆಗೆ ನಾಲ್ಕೂ ತಿರುಗದ ಗಾಲಿ ಇರಲಿ. ತಿರುಗುವ ಗಾಲಿ ಹಾಕಿದರೆ ಪಕ್ಕದ ಪೆಟ್ಟಿಗೆಗೆ ಗುದ್ದಿ ಗುದ್ದಿ ಅಂಚು ಎದ್ದುಬರುತ್ತದೆ. ಇನ್ನೊಂದು: ತೊಳೆದ ನೀರು ಹೋಗಲೆಂದು ಪಾರ್ಕಿಂಗಿನ ನೆಲಕ್ಕೆ ಗೇಟಿನ ಕಡೆ ಇಳಿಜಾರು ಇರುತ್ತದೆ. ಪೆಟ್ಟಿಗೆಯ ಓಟವೂ ಆ ಕಡೆಗಿದ್ದರೆ ಪೆಟ್ಟಿಗೆ ತಾನಾಗಿಯೇ ಹೊರಟು ಕಾರಿನ ಬಾಗಿಲಿಗೆ ಮುತ್ತಿಡುತ್ತದೆ. ಪ್ರತಿ ಪೆಟ್ಟಿಗೆಗೂ ಒಂದು ಚಿಲಕ, ಗೋಡೆಗೋ ನೆಲಕ್ಕೋ ಸಿಗುವ ಹಾಗೆ. 46 ಇಂಚಿನದ್ದು ಅಗಲ ಕಡಿಮೆ, ಎತ್ತರ ಜಾಸ್ತಿ. ಭಾರವೆಲ್ಲ ತಳದ ಖಾನೆಯಲ್ಲಿರದಿದ್ದರೆ ಎಳೆಯುವಾಗ ವಾಲುತ್ತದೆ.

ಕಾರು ನಿಂತಿರುವಾಗಲೂ ಪೆಟ್ಟಿಗೆ ಹೊರಗೆ ಬರಬೇಕಲ್ಲ? ಹತ್ತಡಿ ಅಗಲದ ಪಾರ್ಕಿಂಗಿನಲ್ಲಿ ಸ್ವಿಫ್ಟಿನಂಥ ಕಾರಿಗೆ 1735 ಮಿ.ಮೀ., ಅಂದರೆ ಐದಡಿ ಎಂಟಿಂಚು ಹೋಯಿತು. ಎಡಗಡೆ ಗೋಡೆಗೆ ಒಂದಡಿ ಬಿಟ್ಟು ನಿಲ್ಲಿಸಿದರೆ ಮೆಟ್ಟಿಲ ಕಡೆ ಮೂರಡಿ ನಾಲ್ಕಿಂಚು ಉಳಿಯುತ್ತದೆ. ಪೆಟ್ಟಿಗೆಯ 34 ಇಂಚು ಅದರಲ್ಲಿ ಹಿಡಿಸುತ್ತದೆ, ಕನ್ನಡಿ ಮಡಚಿರಬೇಕು. ಪೂರ್ತಿ ಎಳೆದ ಮೇಲೆ ಅದರ ಎದುರು ನಿಲ್ಲಲು ಜಾಗವಿಲ್ಲ. ಪಕ್ಕದಿಂದಲೇ ಕೈ ಹಾಕಬೇಕು. ಹಾಗಾಗಿ ಪೆಟ್ಟಿಗೆಯ ಒಂದು ಪಕ್ಕ ತೆರೆದೇ ಇರಲಿ.

ಮೂರನೆಯ ಪೆಟ್ಟಿಗೆಯ ಆಚೆ ಎರಡಡಿಗಿಂತ ತಗ್ಗಾದ ಬೆಣೆಯಾಕಾರದ ಜಾಗಕ್ಕೆ ಮನೆ ಕಟ್ಟಿದಾಗ ಉಳಿದ ಟೈಲ್ಸ್ ಸರಿ. ಎರಡಡಿ ಚೌಕದ ನಾಲ್ಕು ಟೈಲಿನ ಒಂದು ಬಾಕ್ಸ್ ಮೂವತ್ತು ಕೆಜಿ ಹತ್ತಿರ ತೂಗುತ್ತದೆ, ಹತ್ತು ವರ್ಷಕ್ಕೊಮ್ಮೆ ಬೇಕಾಗುತ್ತದೆ. ರಟ್ಟು ಕಿತ್ತುಹಾಕಿ, ಎರಡು ಪಟ್ಟಿಯ ಮೇಲೆ ಅಂಚಿಗೆ ನಿಲ್ಲಿಸಿ ಒರಗಿಸಿ. ರಟ್ಟು ನೆಲಕ್ಕೆ ತಾಗಿದರೆ ಗೆದ್ದಲಿಗೆ ಕರೆಯೋಲೆ ಕೊಟ್ಟಂತೆ. ಪೆಟ್ಟಿಗೆಗೂ ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬೇಡ. ವಾರಕ್ಕೆರಡು ಸಲ ನೀರು ಹಾಕಿ ತೊಳೆಯುವ ನೆಲದ ಹತ್ತಿರ ಅವು ಊದಿಕೊಳ್ಳುತ್ತವೆ. ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ತನ್ನಿ, ಕೊಯ್ದ ಅಂಚಿಗೆಲ್ಲ ಪ್ರೈಮರ್ ಹಚ್ಚಿ. ನೀರು ಕುಡಿಯುವುದು ಅಂಚೇ.

ಯಜಮಾನರ ಅಳಿಯ ಅಮೆರಿಕದಲ್ಲಿದ್ದಾನೆ. ಗ್ಯಾರೇಜಿನ ಗೋಡೆಗೆ ಶೆಲ್ಫ್ ಬಿಗಿಯುವ ವಿಡಿಯೋ ಒಂದರ ಮೇಲೊಂದು ಕಳಿಸಿದ್ದ. ಹುಡುಗ ಒಳ್ಳೆಯವನೇ, ಆದರೆ ಅಲ್ಲಿ ಗೋಡೆಯೊಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಕಂಬ ನಿಂತಿರುತ್ತದೆ. ಅದನ್ನು ಹುಡುಕಿ ಸ್ಕ್ರೂ ಬಿಗಿದರೆ ಮುಗಿಯಿತು. ನಮ್ಮದು ಸಿಮೆಂಟ್ ಬ್ಲಾಕ್. ಹೊರಗಿನ ಪ್ಲಾಸ್ಟರೇ ಅರ್ಧ ಇಂಚಿನ ಮೇಲಿರುತ್ತದೆ. ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಬಡಿಯುವ ಬೆಣೆ) ಅದನ್ನು ದಾಟಿ ಬ್ಲಾಕಿನೊಳಗೆ ಹೋಗದಿದ್ದರೆ ಶೆಲ್ಫ್ ಪ್ಲಾಸ್ಟರಿನ ಸಮೇತ ಕೈಗೆ ಬರುತ್ತದೆ. 8 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಎರಡರಿಂದ ಎರಡೂವರೆ ಇಂಚು ಆಳ, ತೂತಿನ ಧೂಳು ಊದಿ ತೆಗೆದ ಮೇಲೆ ಗಿಟ್ಟಿ. ಟೊಳ್ಳು ಬ್ಲಾಕ್ ಆದರೆ ಭಾರದ್ದನ್ನು ನೇತುಹಾಕುವ ಯೋಚನೆಯೇ ಬೇಡ. ಮೂಲೆಯಲ್ಲಿ ಇನ್ನೊಂದು ತಕರಾರಿದೆ. ಕಾಂಕ್ರೀಟ್ ಪಿಲ್ಲರ್ ನಿಂತಿರುವುದೂ ಅಲ್ಲೇ. ಡ್ರಿಲ್ ಒಂದೂವರೆ ಇಂಚು ಇಳಿದು ಕಿರುಚತೊಡಗಿದರೆ ಕಂಬಿ ತಾಗಿದೆ ಎಂದರ್ಥ. ಬಲ ಹಾಕಬೇಡಿ, ಎರಡಿಂಚು ಪಕ್ಕಕ್ಕೆ ಸರಿಯಿರಿ. ಮೀಟರ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಲ್ಲೂ ತೂತು ಹಾಕಬೇಡಿ. ವೈರಿನ ಪೈಪು ಅಲ್ಲೇ ಓಡಿರುತ್ತದೆ.

ಕಾರಿನ ಮೂತಿಯ ಎದುರಿನ ಮೂಲೆಗೆ ತೂತಿನ ಕಬ್ಬಿಣದ ಪಟ್ಟಿ ಜೋಡಿಸಿದ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ಸಾಕು. 3860 ಮಿ.ಮೀ. ಕಾರು ಹದಿನಾರು ಅಡಿಯ ಪಾರ್ಕಿಂಗಿನಲ್ಲಿ ನಿಂತರೆ ಮುಂದೆ ಮೂರಡಿ ಚಿಲ್ಲರೆ ಉಳಿಯುತ್ತದೆ. 15 ಇಂಚಿನ ರ‍್ಯಾಕ್ ಇಟ್ಟೂ ಮನುಷ್ಯ ನಿಲ್ಲಬಹುದು. ಜನ ಎಡವುವುದು ಎರಡೂ ಗೋಡೆಗೆ ರ‍್ಯಾಕ್ ಹಾಕಿ. ಎರಡು ಸೇರುವ ಕಡೆ 15x15 ಇಂಚಿನ ಚೌಕಕ್ಕೆ ಯಾವ ಕಡೆಯಿಂದಲೂ ನೇರ ಕೈ ಹೋಗದು. ಒಂದು ಗೋಡೆಗೆ ಮಾತ್ರ ರ‍್ಯಾಕ್ ಹಾಕಿ, ಮೂಲೆಯ ತನಕ ಒಯ್ಯಿರಿ. ಇನ್ನೊಂದು ಗೋಡೆಗೆ ಕೊಕ್ಕೆ: ಏಣಿ, ನೀರಿನ ಪೈಪು, ಮಡಚುವ ಕುರ್ಚಿ. ತ್ರಿಕೋನದ ಹಲಗೆ ಕೂರಿಸುವವರು ಲೆಕ್ಕ ಹಾಕಲಿ: 18 ಇಂಚಿನ ಎರಡು ಬದಿಯದ್ದು ಒಂದು ಚದರಡಿಗಿಂತ ತುಸು ಮೇಲೆ, ಅಷ್ಟೆ. ಅದೂ ಸರಿಯಾಗಿ ಕೂರಬೇಕಾದರೆ ಮೂಲೆ ಮಟ್ಟಸವಾಗಿರಬೇಕು. ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ. ನಡುವಿನ ಓರೆ ಐದಡಿ ಬರದಿದ್ದರೆ ಮೂಲೆ ಸೊಟ್ಟ. ರಟ್ಟಿನಲ್ಲಿ ಮಾದರಿ ಕತ್ತರಿಸಿ ನೋಡಿದ ಮೇಲೆಯೇ ಮರ ಕೊಯ್ಯುವುದು.

ರ‍್ಯಾಕ್ ತರುವಾಗ ಗೇಜಿನ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ ಎಂಬುದು ನೆನಪಿರಲಿ. 22 ಗೇಜಿನ ಹಲಗೆ ಬಣ್ಣದ ಡಬ್ಬಗಳ ಸಾಲಿಗೆ ಬಾಗುತ್ತದೆ, 18 ತನ್ನಿ. ಅದರ ಕಾಲಿಗೆ ಪ್ಲಾಸ್ಟಿಕ್ ಬೂಟು, ಕೆಳಗಿನ ಹಲಗೆ ನೆಲದಿಂದ ಆರಿಂಚು ಮೇಲೆ, ಮೇಲ್ತುದಿ ಗೋಡೆಗೆ ಬಿಗಿದಿರಬೇಕು. ಮೇಲಿನ ಹಲಗೆ ನಿಗದಿ ಮಾಡುವ ಮುಂಚೆ ಬಾನೆಟ್ ಎತ್ತಿ ನೋಡಿ.

ಯುಪಿಎಸ್ ಬ್ಯಾಟರಿಯನ್ನು ಮಾತ್ರ ಯಾವ ಪೆಟ್ಟಿಗೆಗೂ ತುರುಕಬೇಡಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿ ಬೇಕು. ನೀರು ತುಂಬಲು ಮೇಲೆ ಒಂದಡಿಯಾದರೂ ತೆರವಿರಬೇಕು. ಥಿನ್ನರ್, ಪೆಟ್ರೋಲ್ ಅದರ ಹತ್ತಿರ ಸುಳಿಯಬಾರದು. ಗ್ಯಾಸ್ ಸಿಲಿಂಡರೂ ಮೆಟ್ಟಿಲ ಕೆಳಗೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ಕೂರುತ್ತದೆ. ಸಂಪಿನ ಮುಚ್ಚಳದ ಮೇಲೆ ಏನೂ ಇಡಬೇಡಿ. ಸಂಪು ಇರುವ ಈಶಾನ್ಯದಲ್ಲಿ ಭಾರ ಬೇಡ ಅನ್ನುವ ವಾಸ್ತುವೂ ಸಂಪು ತೊಳೆಯುವವನೂ ಒಪ್ಪುವ ಸಂಗತಿ ಇದೊಂದೇ ಇರಬೇಕು.

‘ಯಾವ ಅಳತೆ ಬರ್ಕೊಳ್ಲಿ?’ ಆ ಪ್ರಶ್ನೆಗೆ ಕೊನೆಗೆ ಉತ್ತರ ಕೊಟ್ಟವರು ಮನೆಯಮ್ಮ. ದಸರಾ ಗೊಂಬೆಯ ಟ್ರಂಕು ಎರಡು, ಗೌರಿ ಹಬ್ಬದ ಮಂಟಪ, ತೆಂಗಿನಕಾಯಿ ಮೂಟೆ, ಮೊಮ್ಮಗನ ಕ್ರಿಕೆಟ್ ಬ್ಯಾಗು, ಕಾರು ತೊಳೆಯುವ ಬಕೆಟ್ಟು. ಯಾವುದು ಎಷ್ಟು ಉದ್ದವೆಂದು ಕೈಯಲ್ಲೇ ತೋರಿಸಿದರು. ಯಜಮಾನರು ಅಷ್ಟು ಹೊತ್ತೂ ಫೋನು ನೋಡುತ್ತಿದ್ದರು. ಮನೆಯಮ್ಮನನ್ನು ಮೊದಲೇ ಕರೆದಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಮನೆಯ ಪ್ಲಾನ್ ಬರೆಯುವಾಗಲೂ ಆಗುವುದು ಇದೇ. ದೇವರ ಮನೆಗೆ ದಿಕ್ಕು ನೋಡುತ್ತಾರೆ, ಕಾರಿಗೊಂದು ಆಯತ ಬರೆಯುತ್ತಾರೆ. ಏಣಿ, ಬಕೆಟ್ಟು, ಪೊರಕೆಗೆ ನಕ್ಷೆಯಲ್ಲಿ ಚುಕ್ಕಿಯೂ ಇಲ್ಲ. ಕಟ್ಟುತ್ತಿರುವವರು ಈಗಲೇ ಮೇಸ್ತ್ರಿಗೆ ಹೇಳಿ: ಸಂಪಿನ ಮುಚ್ಚಳ ಗೋಡೆಯಿಂದ ಎರಡಡಿ ಈಚೆಗೆ ಬರಲಿ, ಮೀಟರ್ ಬೋರ್ಡ್ ಗೇಟಿನ ಪಕ್ಕಕ್ಕೆ ಹೋಗಲಿ, ಮೆಟ್ಟಿಲ ಕೆಳಗೆ ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಗಾರೆಗೆ ಮುಂಚೆ ಇವಕ್ಕೆಲ್ಲ ಹೆಚ್ಚು ಖರ್ಚಿಲ್ಲ. ಗಾರೆಯಾದ ಮೇಲೆ ಗೋಡೆ ಒಡೆಯಬೇಕು.